ತಗ್ಗು ಬಾಗಿಲು

ಆ ಕತ್ತಲಲ್ಲೂ ಮುದುಕಿ ಸರಿಯಾದ ಜಾಗದಲ್ಲಿ ತಲೆ ಬಗ್ಗಿಸಿದಳು.

ಅಡುಗೆಮನೆಯ ಬಾಗಿಲು ತಗ್ಗು. ನಾಲ್ಕು ವರ್ಷದಿಂದ ಬಾಡಿಗೆಗಿದ್ದ ಬೀರಯ್ಯನ ಹಣೆಗೇ ಅದು ಇನ್ನೂ ಬಡಿಯುತ್ತಿತ್ತು. ಮನೆ ನೋಡಲೆಂದು ಕೋರ್ಟು ಕಳಿಸಿದ್ದ ವಕೀಲರು ಈಗಷ್ಟೇ ತಲೆ ಹೊಡೆಸಿಕೊಂಡು ಉಜ್ಜಿಕೊಳ್ಳುತ್ತಿದ್ದರು. ಮುದುಕಿ ಮಾತ್ರ ಬಗ್ಗಿ ಒಳಹೊಕ್ಕು, ಗೋಡೆ ತಡವದೆ ನೇರ ದೀಪದ ಗೂಡಿಗೆ ಕೈಹಾಕಿದಳು.

"ಎಂಥಾ ತಾಲೀಮು ಕೊಟ್ಟವ್ನೆ ನೋಡು," ಬೀರಯ್ಯ ಹಲ್ಲು ಕಡಿದ.

ಮಾಲೀಕ ಮಹಾಲಿಂಗಯ್ಯ ಅಂಗಳದಲ್ಲಿ ನಿಂತು ಎಲೆಅಡಿಕೆ ಮೆಲ್ಲುತ್ತಿದ್ದ. ಅವನ ಅರ್ಜಿ ಸಲೀಸಾಗಿತ್ತು: 'ನನ್ನ ವೃದ್ಧ ತಾಯಿ ಬಸವಲಿಂಗಮ್ಮನಿಗೆ ನಮ್ಮ ಮಹಡಿ ಮನೆಯ ಮೆಟ್ಟಿಲು ಹತ್ತಲಾಗದು. ಸ್ವಂತ ಉಪಯೋಗಕ್ಕೆ ಮನೆ ಬಿಡಿಸಿಕೊಡಿ.' ಬಾಡಿಗೆದಾರನನ್ನು ಎಬ್ಬಿಸಲು ಕಾನೂನು ಬಿಟ್ಟಿರುವ ಒಂದು ಸಂದು ಅದು. ಬಾಡಿಗೆಗೆ ರಸೀದಿ ಕೊಡಬೇಕೆಂದೂ ಅದೇ ಕಾನೂನು ಹೇಳುತ್ತದೆ. ಆ ಮಾತು ಮಾತ್ರ ಅವನ ಕಿವಿಗೆ ಬಿದ್ದಿರಲಿಲ್ಲ. ಕೇಳಿದರೆ, "ನಮ್ಮಿಬ್ರ ಮಧ್ಯ ಪೇಪರ್ರು ಯಾಕ್ಲಾ ಬೀರ?" ಎಂದು ನಗುತ್ತಿದ್ದ.

ಬೀರಯ್ಯನ ಹೆಂಡತಿ ವನಜಮ್ಮನಿಗೆ ತುಂಬು ತಿಂಗಳು. ಬೀರಯ್ಯ ಅಂತರಸನಹಳ್ಳಿಯ ವರ್ಕ್‌ಶಾಪಿನಿಂದ ಸೈಕಲ್ಲಿನಲ್ಲಿ ಬರುವಾಗ ಶಿರಾ ಗೇಟಿನ ಸುತ್ತ ಗಲ್ಲಿಗಲ್ಲಿಯೂ ಮನೆ ವಿಚಾರಿಸಿದ್ದ. ಮೊದಲು ಜಾತಿ ಕೇಳುತ್ತಿದ್ದರು, ಆಮೇಲೆ ಅಡ್ವಾನ್ಸು. ಈ ಮನೆ ಹೋದರೆ ಹೆಂಡತಿಯ ಬಾಣಂತನ ಬೀದಿಯಲ್ಲೇ.

ಆದರೆ ಬೀರಯ್ಯನ ಹತ್ತಿರ ಒಂದು ಅಸ್ತ್ರವಿತ್ತು. ಮಹಾಲಿಂಗಯ್ಯನ ತಾಯಿ ಸತ್ತು ಮೂರು ವರ್ಷವಾಗಿತ್ತು. ಗುಬ್ಬಿ ಕಡೆಯ ಹೊಲದ ಮನೆಯಲ್ಲಿ ಜೀವ ಹೋಯಿತೆಂದು ಅತ್ತು, ತುಮಕೂರಿನಲ್ಲಿ ಗಣಾರಾಧನೆ ಮಾಡಿ, ಸಾಲುಮನೆಯವರಿಗೆಲ್ಲ ಹೋಳಿಗೆ ಬಡಿಸಿದ್ದ. ಜಿಪುಣ, ಸತ್ತವಳ ಒಂದು ಫೋಟೋ ಕೂಡ ಇಟ್ಟಿರಲಿಲ್ಲ; ಬೀರಯ್ಯ ಅವಳ ಮುಖ ಕಂಡವನೇ ಅಲ್ಲ. ಆ ಊಟ ಉಂಡವರೆಲ್ಲ ಮನೆ ಬಿಟ್ಟು ಹೋಗಿ, ಸಾಲಿನಲ್ಲಿ ಈಗ ಬೀರಯ್ಯನೇ ಹಳಬ.

ಒಳಗೆ ಮುದುಕಿ ವನಜಮ್ಮನ ಹೊಟ್ಟೆ ಸವರುತ್ತಿದ್ದಳು. "ಇಲ್ಲೇ ಹೆರವ್ವಾ. ನಿನ್ನ ಯಾರೂ ಎಬ್ಸಕಿಲ್ಲ. ನಾನಿವ್ನಿ."

ಅವರೆಲ್ಲ ಹೋದ ಮೇಲೆ ವನಜಮ್ಮ, "ಒಳ್ಳೇ ಮುದುಕಿ ಕಣ್ರೀ," ಎಂದಳು.

"ಒಳ್ಳೇ ಮುದುಕಿ! ಸತ್ತೋಳ ಹೆಸ್ರಲ್ಲಿ ಕೂಳು ತಿನ್ನಕ್ಕೆ ಬಂದವ್ಳೆ. ಹೇಳ್ಕೊಟ್ಟ ಪಾಠಾನೂ ನೆಟ್ಗಿಲ್ಲ, ಎಬ್ಸಕ್ಕೆ ಬಂದೋಳು ಇರು ಅಂತವ್ಳೆ."

ಮಾರನೆಯ ದಿನ ರಜೆ ಹಾಕಿ ಗುಬ್ಬಿ ಬಸ್ಸು ಹತ್ತಿದ. ಅಲೆದಲೆದು ಚಪ್ಪಲಿ ಸವೆಸಿ, ಮರಣದ ದಾಖಲೆಯ ನಕಲು ತಂದೇ ತಂದ. ಸುದ್ದಿ ಕೊಟ್ಟವರು: ಮಗ ಮಹಾಲಿಂಗಯ್ಯ. ಕೆಳಗೆ ರುಜು.

ಕೋರ್ಟಿನಲ್ಲಿ ಆ ಕಾಗದ ಮುನ್ಸೀಫರ ಕೈಗೆ ಹೋದಾಗ ಮಹಾಲಿಂಗಯ್ಯನ ವಕೀಲರು ಏಳಲೇ ಇಲ್ಲ. ಮಹಾಲಿಂಗಯ್ಯ ಶಲ್ಯ ತೆಗೆದು ಕಂಕುಳಿಗಿಟ್ಟುಕೊಂಡು ಕೈಮುಗಿದ.

"ತಪ್ಪಾಯ್ತು ಬುದ್ಧಿ. ನಮ್ಮಮ್ಮ ಸತ್ತಿರೋದು ನಿಜ. ಇವ್ಳು ಕುಣಿಗಲ್ ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದೋಳು. ಮನೆ ಬಿಡಿಸ್ಕೊಳ್ಳೋ ಆಸೆಗೆ ತಾಯಿ ಅಂದ್ಬುಟ್ಟೆ."

ಮುದುಕಿ ಬಾಯಿ ತೆರೆದು ನಿಂತಳು. "ಲೋ ಮಾಲಿಂಗಾ, ಏನ್ಲಾ ಹಿಂಗಂತೀಯ? ನಾನು ಕಣೋ!"

ಕೋರ್ಟಿಗೆ ಕೋರ್ಟೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ಬೀರಯ್ಯ.

"ನಾಟ್ಕ ಮುಗೀತು ಕಣಜ್ಜಿ, ಬಣ್ಣ ತೊಳ್ಕೊ!"

ಬಸವಲಿಂಗಮ್ಮ ಸತ್ತಿದ್ದಾಳೆ, ಈಕೆ ವೇಷಗಾತಿ, ಅರ್ಜಿ ವಜಾ, ಮಾಲೀಕನಿಗೆ ದಂಡ. ಮುನ್ಸೀಫರು ಆರ್ಡರು ಬರೆಸಿದರು. ಪೊಲೀಸಿನವನು ಮುದುಕಿಯ ರಟ್ಟೆ ಹಿಡಿದು ಎಳೆದುಕೊಂಡು ಹೋದ. ಹೋಗುತ್ತಾ ಅವಳು ಬೀರಯ್ಯನ ಮುಖವನ್ನೇ ನೋಡಿದಳು. ಬೀರಯ್ಯ ಮೀಸೆ ತಿರುವಿದ.

ಆ ಸಂಜೆ ಸಾಲುಮನೆಗೆಲ್ಲ ಮೈಸೂರುಪಾಕು ಹಂಚಿದ.

ಮರುದಿನ ಬೆಳಿಗ್ಗೆ ಮಹಾಲಿಂಗಯ್ಯ ಬಂದ. ಜಗಳಕ್ಕೆಂದು ಬೀರಯ್ಯ ಲುಂಗಿ ಎತ್ತಿ ಕಟ್ಟಿದ. ಮಹಾಲಿಂಗಯ್ಯ ಜೇಬಿನಿಂದ ಹೊಸಾ ರಸೀದಿ ಪುಸ್ತಕ ತೆಗೆದು, ಒಂದು ಹಾಳೆ ಬರೆದು, ಹರಿದು ಕೊಟ್ಟ.

"ತಗೋ. ಇನ್ಮೇಲೆ ಎಲ್ಲಾ ಕಾನೂನು ಪ್ರಕಾರ. ಎಷ್ಟು ವರ್ಷ ಬೇಕೋ ಇರು."

"ಏನ್ ಯಜಮಾನ್ರೇ, ಸೋತ್ರೂ ಮದ್ವೆಮನೆ ಕಳೆ?"

ಮಹಾಲಿಂಗಯ್ಯ ನೇರ ಒಳಗೆ ನಡೆದ. ಅಡುಗೆಮನೆಯ ಬಾಗಿಲಲ್ಲಿ, ಮೇಲೆ ನೋಡದೆ, ಸರಿಯಾಗಿ ತಲೆ ಬಗ್ಗಿಸಿದ. ಗೋಡೆ ತಡವದೆ ದೀಪದ ಗೂಡಿಗೆ ಕೈಹಾಕಿದ.

ಬೀರಯ್ಯ ರಸೀದಿ ಹಿಡಿದೇ ಆ ಬಾಗಿಲ ತನಕ ಬಂದ.

"ನಾನು ಹುಟ್ಟಿದ್ದು ಈ ಮನೇಲೇ," ಎಂದ ಮಹಾಲಿಂಗಯ್ಯ. "ಸಾಲುಮನೆ ಅಷ್ಟೂ ಅಮ್ಮನ ಹೆಸ್ರಲ್ಲಿತ್ತು. ಕುಣಿಗಲ್ ಕಡೆ ಒಂದು ಮಠದಲ್ಲಿ ಬುಟ್ಟು, ಸತ್ಲು ಅಂತ ಬರೆಸಿ, ಖಾತೆ ನನ್ನ ಹೆಸ್ರಿಗೆ ಮಾಡಿಸ್ಕೊಂಡಿದ್ದೆ. ಹೋದ ವರ್ಷ ವಾಪಸ್ ಬಂದು, ಬದುಕಿವ್ನಿ ಅಂತ ಅರ್ಜಿ ಹಾಕ್ತೀನಿ ಅಂತ ಕೂತ್ಲು. ಬಾರವ್ವಾ, ಕೋರ್ಟಲ್ಲೇ ಹೇಳೂವಂತೆ ಅಂತ ನಾನೇ ಕರ್ಕೊಂಡ್ಬಂದೆ."

ಒಳಗೆ ವನಜಮ್ಮ ನೋವು ತಿನ್ನಲಾರದೆ ನರಳಿದಳು.

"ಸತ್ತವ್ಳೆ ಅಂತ ನಾನಂದ್ರೆ ಯಾರು ನಂಬೋರು? ನನ್ನ ಕಂಡ್ರೆ ಉರಿದು ಬೀಳೋನು ಒಬ್ಬ ಹೇಳ್ಬೇಕಿತ್ತು." ಮಹಾಲಿಂಗಯ್ಯ ಮತ್ತೆ ತಲೆ ಬಗ್ಗಿಸಿ ಹೊರಗೆ ಬಂದು ಅವನ ಭುಜ ತಟ್ಟಿದ.

"ನಾನು ಅವಳನ್ನ ಸಾಯ್ಸಿದ್ದು ಬರೀ ರಿಜಿಸ್ಟರಲ್ಲಿ. ಕೋರ್ಟಲ್ಲಿ ಸಾಯ್ಸಿದ್ದು ನೀನು ಕಣ್ಲಾ ಬೀರ."