ಸಾಹೇಬರು ಹಾರಿದ ದಿನ

ಮೊದಲ ನೋಟಕ್ಕೇ, ತನಿಖೆಗೆಂದು ಬಂದ ಸರ್ಕಾರಿ ಅಧಿಕಾರಿಗೆ ಮೀನಿನ ಮೇಲೆ ಅನುಮಾನ ಬಂತು. ಗಾಜಿನ ತೊಟ್ಟಿಯ ತಳದಲ್ಲಿ ಮೀಸೆ ಇಳಿಬಿಟ್ಟುಕೊಂಡು, ಕಾಯಂ ನೌಕರಿ ಸಿಕ್ಕವರ ನೆಮ್ಮದಿಯಲ್ಲಿ ಅದು ಮಲಗಿತ್ತು.

"ಭೂಕಂಪ ಕಂಡುಹಿಡಿಯೋದು ಇದೇನಾ?"

"ಇದು ಅನ್ಬೇಡಿ ಸಾರ್, ಇವರು ಅನ್ನಿ," ಮೀನಕ್ಕ ತಿದ್ದಿದಳು. "ಊರೆಲ್ಲಾ ಸಾಹೇಬ್ರು ಅಂತಲೇ ಕರೆಯೋದು."

ಕೆರೆ ದಂಡೆಯ ತುದಿಯಲ್ಲಿದ್ದ ಆ ಕಾವಲು ಕೋಣೆಯಲ್ಲಿ ಮೀನಕ್ಕನಿಗೆ ಒಂಬತ್ತು ವರ್ಷದಿಂದ ಒಂದೇ ಕೆಲಸ. ಮೀನು ನೀರಿನಿಂದ ಮೇಲೆ ಹಾರಿದರೆ ಸೈರನ್ ಒತ್ತಬೇಕು. ಸೈರನ್ ಕೂಗಿದರೆ ಹದಿನೈದು ಸಾವಿರ ಜನ ಮನೆ, ಅಂಗಡಿ, ಶಾಲೆ ಬಿಟ್ಟು ದಂಡೆಗೆ ಓಡಿ ಬರಬೇಕು. ಅಲ್ಲಿ ತಲೆಯ ಮೇಲೆ ಬೀಳಲು ಆಕಾಶ ಬಿಟ್ಟರೆ ಬೇರೇನೂ ಇಲ್ಲ. ಐದು ನಿಮಿಷದೊಳಗೆ ನೆಲ ಅದುರುತ್ತಿತ್ತು. ಸಾಹೇಬರ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ. ಇಷ್ಟು ಭೂಕಂಪವಾದರೂ ಊರಿನ ಒಂದು ಗೋಡೆಯೂ ಬಿರುಕು ಬಿಟ್ಟಿರಲಿಲ್ಲ. ಅದೂ ಸಾಹೇಬರ ಕೃಪೆ ಎಂದೇ ಜನ ನಂಬಿದ್ದರು.

ಅಧಿಕಾರಿ ನಂಬುವ ಪೈಕಿ ಅಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನೂರ ಹತ್ತು ಕಿಲೋ ತೂಕದ ಆ ಮನುಷ್ಯನ ಬದುಕಿನ ಸೂತ್ರ. ಒಂದು ದಿನ ಈ ಮೀನು ನಿದ್ದೆಹೋದರೆ ಊರಿಗೆ ಊರೇ ಗೋಡೆಯಡಿ ಸೇರುತ್ತದೆ ಎಂದು ಅವನಿಗೆ ನಿಜವಾಗಿಯೂ ದಿಗಿಲಾಗಿತ್ತು. ನಡುಕ ಅಳೆಯುವ ಮುಳ್ಳಿನ ಯಂತ್ರವನ್ನು ತಂದು ಬಾಗಿಲ ಬಳಿ ನೆಲಕ್ಕೆ ಬಿಗಿದ. ಮೀನು ತಪ್ಪಿತೆಂದು ಸಾಬೀತಾದರೆ ಕೋಣೆಗೆ ಬೀಗ, ಮೀನಕ್ಕನ ಕೆಲಸಕ್ಕೂ ಬೀಗ.

"ಆಮೇಲೆ ಸಾಹೇಬ್ರನ್ನ ಏನ್ಮಾಡ್ತೀರಿ ಸಾರ್?"

"ಕೆರೆಗೆ ಬಿಡಬಹುದು," ಎಂದ ಅಧಿಕಾರಿ. ಕಣ್ಣು ಮಾತ್ರ ತನ್ನ ಊಟದ ಡಬ್ಬಿಯ ಕಡೆಗಿತ್ತು. ಮೀನಕ್ಕ ತೊಟ್ಟಿಯನ್ನು ಒಂದು ಗೇಣು ದೂರ ಸರಿಸಿದಳು.

ಎರಡು ದಿನ ಅವನು ಹಳೆಯ ದಾಖಲೆ ಪುಸ್ತಕ ತಿರುವಿದ. ಮಳೆ ಬಿದ್ದ ದಿನ ಭೂಕಂಪವೇ ಇಲ್ಲ. ಹೆಚ್ಚಿನವು ವಾರದ ಸಂತೆಯ ಹಿಂದಿನ ದಿನ. ವರ್ಷದಿಂದ ವರ್ಷಕ್ಕೆ ನಡುಕ ಜೋರಾಗುತ್ತಿತ್ತು.

"ಊರು ಬೆಳೀತಾ ಇದೆಯಲ್ಲಮ್ಮ, ನೆಲದ ಮೇಲೆ ಭಾರ ಜಾಸ್ತಿ ಆಗಿದೆ," ಎಂದು ವಿವರಿಸಿದ.

"ನಿಜ ಸಾರ್. ಎಲ್ಲಾ ಭಾರದ್ದೇ ಮಹಿಮೆ."

ಕಿಟಕಿಯಾಚೆ ನಡುನೀರಿನಲ್ಲಿ ನಾಲ್ಕು ದೋಣಿಗಳಿದ್ದವು. "ಸೈರನ್ ಆದ್ರೆ ಅವರು ಓಡಿ ಬರೋದಿಲ್ವಾ?"

"ನಮ್ಮಣ್ಣನ ದೋಣಿಗಳು ಸಾರ್. ನೀರ ಮೇಲಿರೋರಿಗೆ ಭೂಕಂಪ ಏನು ಮಾಡುತ್ತೆ? ಅವತ್ತು ಅವರಿಗೇ ಹಬ್ಬ. ನೆಲ ಅದುರಿದ್ರೆ ದಂಡೆ ಹತ್ರ ಇರೋ ಮೀನೆಲ್ಲಾ ಬೆದರಿ ನಡುನೀರಿಗೆ ಓಡುತ್ತಲ್ಲ."

ಅಧಿಕಾರಿ ತಲೆದೂಗಿದ. ಮೀನಿನ ಪಕ್ಕೆಯಲ್ಲಿ ಒಂದು ಗೆರೆಯಿದೆ, ಎಳ್ಳಷ್ಟು ಕಂಪನವೂ ಅದಕ್ಕೆ ತಾಕುತ್ತದೆ ಎಂದು ಅರ್ಧ ಗಂಟೆ ಪಾಠ ಮಾಡಿದ. ಮೀನಕ್ಕ ಏನೂ ಅರಿಯದವಳಂತೆ ಕೇಳಿಸಿಕೊಂಡಳು.

ಮೂರನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಮೀನಕ್ಕನ ಫೋನ್ ಬಡಿದುಕೊಂಡಿತು. "ಹೂಂ ಅಣ್ಣ. ಆಯ್ತಾ? ಸರಿ, ಇಡ್ತೀನಿ, ಕೆಲಸ ಇದೆ." ಪೊರಕೆ ತೆಗೆದುಕೊಂಡು ತೊಟ್ಟಿಯ ಮೇಜಿನ ಕೆಳಗೆ ಗುಡಿಸತೊಡಗಿದಳು. ಪೊರಕೆಯ ಉದ್ದ ಹಿಡಿ ಎಲ್ಲೋ ಟಕ್ಕೆಂದಿತು.

ಸಾಹೇಬರು ಹಾರಿದರು! ಮೊಳದೆತ್ತರ ಹಾರಿ, ಪಟಾರನೆ ಬಿದ್ದು, ಅಧಿಕಾರಿಯ ಕನ್ನಡಕಕ್ಕೆಲ್ಲ ನೀರು ಸಿಡಿಸಿದರು.

ಸೈರನ್ ಕೂಗಿತು. ಮುಳ್ಳು ಅಲುಗದೆ ನಿಂತಿತ್ತು. "ನೋಡಿದ್ರಾ, ಸುಳ್ಳು!" ಎನ್ನಲು ಅಧಿಕಾರಿ ಬಾಯಿ ತೆರೆದ. ಅಷ್ಟರಲ್ಲಿ ಊರು ಜೀವ ಕೈಯಲ್ಲಿ ಹಿಡಿದು ಬರುತ್ತಿರುವುದು ಕಿಟಕಿಯಲ್ಲಿ ಕಂಡಿತು. ಕ್ಷೌರಿಕ, ಅರ್ಧ ಗಡ್ಡದ ಗಿರಾಕಿ, ಮೇಷ್ಟರು, ಮಕ್ಕಳು, ತೊಟ್ಟಿಲು ಹೊತ್ತ ಅಜ್ಜ. ಅದನ್ನು ಕಂಡಮೇಲೆ ಸೂತ್ರ ಯಾರಿಗೆ ನೆನಪಿರುತ್ತದೆ? ಎದ್ದೆನೋ ಬಿದ್ದೆನೋ ಎಂದು ಅವನೂ ಓಡಿದ, ಒಂದೇ ಚಪ್ಪಲಿಯಲ್ಲಿ. ದಂಡೆ ತಲುಪುವಷ್ಟರಲ್ಲಿ ಕಾಲಡಿಯ ನೆಲ ಗಡಗಡ ನಡುಗುತ್ತಿತ್ತು. ಅವನ ಕಣ್ಣಲ್ಲಿ ನೀರು ಬಂತು. ಎಂಥ ಮೀನನ್ನು ಅನುಮಾನಿಸಿದೆ!

ಮರಳಿ ಬಂದು ನೋಡಿದರೆ ಮುಳ್ಳು ಕಾಗದದ ತುಂಬ ಬೆಟ್ಟ ಬರೆದಿತ್ತು.

"ಈ ಸಲ ಒಂಚೂರು ಜೋರಾಗೇ ಆಯ್ತು ಸಾರ್," ಎಂದಳು ಮೀನಕ್ಕ, ಅವನನ್ನು ಮೇಲಿಂದ ಕೆಳಗೆ ನೋಡುತ್ತ.

ಸಂಜೆಯೇ ಅವನು ವರದಿಗೆ ಸಹಿ ಹಾಕಿ ಕಳಿಸಿದ. ಮೀನು ನಿರ್ದೋಷಿ. ಕೋಣೆ, ಕೆಲಸ, ಸೈರನ್ ಎಲ್ಲವೂ ಕಾಯಂ. ರಾಜ್ಯದ ಪ್ರತಿ ಊರಿಗೂ ಇಂಥದ್ದೊಂದು ಮೀನು ಒದಗಿಸಬೇಕೆಂದು ಕೊನೆಯಲ್ಲಿ ಶಿಫಾರಸು ಬೇರೆ.

ಮರುದಿನ ಬಸ್ಸು ಹತ್ತುವ ಮೊದಲು, ಮರೆತ ಛತ್ರಿಗಾಗಿ ಅವನು ಕಾವಲು ಕೋಣೆಗೆ ಹೋದ. ಬಾಗಿಲು ಅರೆ ತೆರೆದಿತ್ತು. ಕಿವಿ ಮತ್ತು ಭುಜದ ನಡುವೆ ಫೋನ್ ಸಿಕ್ಕಿಸಿಕೊಂಡು, ಕೈಯಲ್ಲಿ ಪೊರಕೆ ಹಿಡಿದು ಮೀನಕ್ಕ ಮಾತಾಡುತ್ತಿದ್ದಳು.

"ಬಲೆ ಇಳಿಸಿ ಆಯ್ತಾ ಅಣ್ಣ? ಬೇಗ ಹೇಳು, ಆ ದಪ್ಪ ಸಾರ್ ಓಡಿದ್ರೆ ನೆಲ ಇನ್ನೂ ಜೋರಾಗಿ ಅದುರುತ್ತೆ, ಅವರು ಬಸ್ ಹತ್ತೋದ್ರೊಳಗೆ ಊರನ್ನ ಇನ್ನೊಂದು ಸಲ ಓಡಿಸಿಬಿಡ್ತೀನಿ."