ಏರಿದ ದನಿ

ನಾಲ್ವರು ಮಾಡುವ ಕೆಲಸವನ್ನು ಒಬ್ಬಳ ತಲೆಗೆ ಕಟ್ಟಿದ್ದೂ ಅಲ್ಲದೆ, ನಗುತ್ತಲೇ ಇರಬೇಕು, ದನಿ ಏರಿಸಿದರೆ ಮನೆಗೆ ಹೋಗಬೇಕು ಎಂದು ಆಸ್ಪತ್ರೆಯವರು ತಾಕೀತು ಮಾಡಿದ್ದರು. ಎಸ್ತೇರ್ ಸಿಸ್ಟರ್ ಬೆಳಗಿನಿಂದ ಸಿಟ್ಟು ನುಂಗಿಕೊಂಡೇ ನಗುತ್ತಿದ್ದಳು. ಕಿಟಕಿ ಪಕ್ಕದ ಮಂಚದ ಹೊನ್ನವ್ವಜ್ಜಿ ಮತ್ತೆ ಕೂಗಿದಳು.

"ಸಿಸ್ಟರವ್ವಾ, ದಿಂಬು ಸರಿ ಮಾಡ!"

"ಎಷ್ಟ ಸಲ ಕರೀತೀ ಬೇ ಮುದುಕಿ! ನನಗೇನ ಹತ್ತು ಕೈ ಅದಾವೇನ? ಸುಮ್ಮನ ಬಿದ್ಕೋ!"

ವಾರ್ಡಿನವರೆಲ್ಲ ತಿರುಗಿ ನೋಡಿದರು. ಕೆಲಸ ಹೋಯಿತೆಂದು ಎಸ್ತೇರ್ ನಾಲಿಗೆ ಕಚ್ಚಿಕೊಂಡಳು. ಅಜ್ಜಿ ಮಾತ್ರ ಬೊಚ್ಚುಬಾಯಿ ತೆರೆದು ನಕ್ಕಳು.

"ಈಗ ಜೀವ ಬಂತ ನೋಡ. ಬಾಜೂ ಮಂಚದಾಕಿ ಜೋಡಿ ಭಾಳ ಸಣ್ಣ ದನೀಲೆ ಮಾತಾಡತಿದ್ದಿ, ಆಕಿ ಸತ್ತಳು. ನನ್ನ ಜೋಡಿನೂ ಹಂಗ ಮಾತಾಡಾಕ ಹತ್ತಿದಿ, ನಂದೂ ಮುಗೀತು ಅನಕೊಂಡಿದ್ದೆ. ಸಾಯೋರನ್ನ ಯಾರರ ಬೈತಾರೇನ?"

ಸಂಜೆ ಡಾಕ್ಟರು ಎಸ್ತೇರ್‌ಳನ್ನು ಹೊರಗೆ ಕರೆದರು.

"ಹೊನ್ನವ್ವಜ್ಜಿದು ಇನ್ನ ಭಾಳ ದಿನ ಇಲ್ಲ ಸಿಸ್ಟರ್. ಛಂದಂಗೆ ನೋಡಿಕೋರಿ."

ಎಸ್ತೇರ್ ಬಾಗಿಲ ಮರೆಯಲ್ಲಿ ಕಣ್ಣೊರೆಸಿಕೊಂಡಳು. ಒಳಗೆ ಬಂದು, ಅಜ್ಜಿಯ ಮಂಚದ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು, ಇಡೀ ವಾರ್ಡಿಗೆ ಕೇಳುವಂತೆ ಗದರಿದಳು:

"ಏ ಮುದುಕಿ, ಇನ್ನೂ ಗಂಜಿ ಕುಡದಿಲ್ಲೇನ?"