ದಾಳಿಂಬೆಯ ಪರದೆ

ಮ್ಯಾಕಲ್ಸ್‌ಫೀಲ್ಡ್‌ನಿಂದ ಬಂದಿದ್ದ ಅತ್ತೆ ಟೋಪಿಯನ್ನೂ ತೆಗೆಯದೆ ಪರದೆಯನ್ನು ತಿರುವಿ, ಅದರ ಹಿಂಬದಿಗೆ ಕನ್ನಡಕ ಒಡ್ಡಿದ್ದೇ ತಡ, ಲೆಟಿಸ್ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಮೇಜಿನ ಮೇಲಿಟ್ಟು ಎದ್ದು ನಿಂತಳು. ಕಸೂತಿಯ ಮುಂಬದಿ ನೋಡಿ ಹೊಗಳಿ ಹೋಗುವವರೇ ಬೇರೆ, ಹಿಂಬದಿ ನೋಡುವವರೇ ಬೇರೆ.

“ಇದನ್ನ ನೀನೇ ಮಾಡಿದ್ದಾ, ಲೆಟಿಸ್?”

“ಹೂಂ ಅತ್ತೆ. ಮಧ್ಯಾಹ್ನದ ಹೊತ್ತು ಕೂತ್ಕೊಂಡು...”

“ಕ್ರಿಸ್‌ಮಸ್ಸಿನಲ್ಲಿ ಒಂದು ಗುಂಡಿ ಹೊಲಿಯೋಕೂ ಬರ್ತಿರಲಿಲ್ಲವಲ್ಲೇ ನಿನಗೆ!”

ಆ ಮಾತೇ ಇಷ್ಟಕ್ಕೆಲ್ಲ ಮೂಲ. ಕ್ರಿಸ್‌ಮಸ್ ಊಟದಲ್ಲಿ ನೆಂಟರೆಲ್ಲರ ಮುಂದೆ ಅತ್ತೆ ಹಾಗೆ ಆಡಿಕೊಂಡಿದ್ದಕ್ಕೆ ರೋಸಿಹೋಗಿ ಲೆಟಿಸ್ ಸೀದಾ ಡರ್ಬಿಯ ರೈಲು ಹತ್ತಿದ್ದಳು. ಅಲ್ಲೊಂದು ಅಂಗಡಿ. ಮರ್ಯಾದಸ್ಥರು ಮನೆಯಲ್ಲಿ ಮಾಡಿದ ಕಸೂತಿಯನ್ನು ಗುಟ್ಟಾಗಿ ಮಾರಿಕೊಡುತ್ತಿತ್ತು. ಮಾಡಿದವರ ಹೆಸರು ಕೇಳುವಂತಿಲ್ಲ, ಕೊಂಡವರ ಹೆಸರು ಹೇಳುವಂತಿಲ್ಲ. ಬಳ್ಳಿಗೆ ಬಳ್ಳಿ ಸುತ್ತಿಕೊಂಡು, ನಡುನಡುವೆ ದಾಳಿಂಬೆ ಬಿರಿದ ಈ ಪರದೆ ಕಂಡದ್ದೇ ಮನಸ್ಸು ಸೋತಿತು. ತಂದು ನಡುಮನೆಯ ಬಾಗಿಲಿಗೆ ತೂಗುಹಾಕಿದಳು.

ಅವಳಿಗೆ ಅತ್ತೆಯ ಭಯ ಅಷ್ಟಿರಲಿಲ್ಲ. ಜೀವ ಹಿಂಡುತ್ತಿದ್ದುದು ಗಂಡನ ಚಿಂತೆ. ಲೀಕ್ ಪಟ್ಟಣದ ರೇಷ್ಮೆ ಮಿಲ್ಲಿನ ಮೇಲ್ವಿಚಾರಕ, ಪೊದೆ ಮೀಸೆಯ ಆಂಬ್ರೋಸ್, ಪರದೆ ಕಂಡ ದಿನ ಕುರ್ಚಿಯಲ್ಲಿ ಕುಸಿದು ಕೂತಿದ್ದ.

“ನೀನೇ ಮಾಡಿದ್ದಾ?”

“ಮತ್ತಿನ್ಯಾರು?”

ಅಂದಿನಿಂದ ಹೊಗಳಿದ್ದೇ ಹೊಗಳಿದ್ದು. “ಈ ದಾಳಿಂಬೆ ಮಾಡಿದ ಕೈಗೆ ಏನು ಕೊಟ್ಟರೂ ಕಡಿಮೆ ಕಣೆ” ಎನ್ನುತ್ತಿದ್ದ. ಬಂದವರನ್ನೆಲ್ಲ ಎಳೆದು ತಂದು ಪರದೆಯ ಮುಂದೆ ನಿಲ್ಲಿಸುತ್ತಿದ್ದ. ಪಾಪ, ಅವನಿಗಿದ್ದ ಇನ್ನೊಂದೇ ಸುಖ ಶನಿವಾರದ ಮೀನು ಶಿಕಾರಿ. ಬಣ್ಣದ ಕಾರ್ಖಾನೆಗಳ ನೀರೆಲ್ಲ ಬಂದು ಸೇರುವ ಚರ್ನೆಟ್ ಹೊಳೆಯಲ್ಲಿ ಮೀನೆಲ್ಲಿ ಉಳಿದೀತು? ಗಾಳ ಚುಚ್ಚಿದ ಬೆರಳು, ಖಾಲಿ ಬುಟ್ಟಿ, ಇಷ್ಟನ್ನೇ ಹೊತ್ತುಕೊಂಡು ಮನೆಗೆ ಬರುತ್ತಿದ್ದ. ಇಂಥ ಸಾಧು ಗಂಡನಿಗೆ ಸುಳ್ಳು ಹೇಳಿದೆನಲ್ಲ ಎಂದು ಲೆಟಿಸ್‌ಗೆ ನಾಚಿಕೆಯಾಗುತ್ತಿತ್ತು. ನಿಜ ತಿಳಿದರೆ ಅವನ ಮುಂದೆ ತಲೆಯೆತ್ತುವುದು ಹೇಗೆ?

ಅತ್ತೆ ಎಲೆಯೊಂದರ ತುದಿಯನ್ನು ಉಗುರಿನಿಂದ ಮೀಟಿ ನೋಡಿದರು.

“ಈ ಕೈ ನನಗೆ ಗೊತ್ತು” ಎಂದರು.

ಮೇಜಿನ ಬಳಿ ತಿನ್ನುತ್ತ ಕೂತಿದ್ದ ಆಂಬ್ರೋಸ್‌ನಿಗೆ ಓಟ್ಸ್ ದೋಸೆ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮುತ್ತಲೇ, “ಅಮ್ಮಾ, ಚಹಾ ಆರಿಹೋಗ್ತಿದೆ. ಬಿಡು ಅದನ್ನ” ಎಂದ.

“ನೀನು ಸುಮ್ನಿರೋ. ಲೆಟಿಸ್, ಸೂಜಿ ತಗೊಂಡ್ಬಾ. ನನ್ನೆದುರಿಗೆ ಒಂದೇ ಒಂದು ಎಲೆ ಹಾಕಿ ತೋರಿಸು.”

ಲೆಟಿಸ್ ದಾರ ಪೋಣಿಸಲು ಹೋದಳು. ದಾರ ಎಡಕ್ಕೆ ಹೋಯಿತು, ಬಲಕ್ಕೆ ಹೋಯಿತು, ಸೂಜಿಯ ಕಣ್ಣಿಗೆ ಮಾತ್ರ ಹೋಗಲಿಲ್ಲ. ಅಳು ಒತ್ತರಿಸಿಕೊಂಡು ಬಂತು.

“ನಾನು ಮಾಡಿದ್ದಲ್ಲ ಅತ್ತೆ, ಕೊಂಡ್ಕೊಂಡು ಬಂದೆ. ಯಾರ ಕೆಲಸ ಅಂತ ದೇವರಾಣೆ ಗೊತ್ತಿಲ್ಲ. ಆಂಬ್ರೋಸ್, ನನ್ನ ಕ್ಷಮಿಸಿಬಿಡು.”

ಆಂಬ್ರೋಸ್ ಕ್ಷಮಿಸಲೂ ಇಲ್ಲ, ಗದರಲೂ ಇಲ್ಲ. ಕಿವಿಯವರೆಗೂ ಕೆಂಪಾಗಿ ತನ್ನ ಬೂಟುಗಳನ್ನೇ ನೋಡುತ್ತ ಕೂತ. ಅತ್ತೆ ಮಾತ್ರ ತಲೆಯ ಮೇಲಿನ ಟೋಪಿ ಜಾರಿ ಬೀಳುವಂತೆ ನಗತೊಡಗಿದರು.

“ಅವನನ್ನೇನು ಕ್ಷಮೆ ಕೇಳ್ತೀಯೇ, ಮೀನು ಶಿಕಾರಿಯಂತೆ ಮೀನು ಶಿಕಾರಿ! ಚಿಕ್ಕವನಿದ್ದಾಗ ದಡಾರ ಎದ್ದು ಮಲಗಿದ್ದವನಿಗೆ ಸೂಜಿ ಹಿಡಿಯೋದು ಕಲಿಸಿದ್ದೇ ನಾನು. ಇಷ್ಟು ದೊಡ್ಡವನಾದ್ರೂ ಎಲೆ ತುದಿಗೆ ಒಂದು ಹೊಲಿಗೆ ಜಾಸ್ತಿ ಹಾಕೋ ಚಟ ಬಿಟ್ಟಿಲ್ಲ ನೋಡು!”